ಮಾವನ ಜೊತೆ ಮೆಜೆಸ್ಟಿಕ್‌ನ ಕೆಳಗೆ

2024ರ ಆಗಸ್ಟ್ 14, ಬುಧವಾರ. ಎರಡು ದಿನ ಕಳೆದರೆ ವರಮಹಾಲಕ್ಷ್ಮಿ ಹಬ್ಬ. ಅವತ್ತು ಮಾವನನ್ನು ಮಿಂಟೋ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಮೆಟ್ರೋದಲ್ಲೇ ಹೋಗೋಣ ಅಂದವಳು ನಾನೇ. ವಿಜಯನಗರದಲ್ಲಿ ಹತ್ತಿ, ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಾಯಿಸಿ, ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದರೆ ಆಸ್ಪತ್ರೆ ನಡೆದು ಹೋಗುವಷ್ಟೇ ದೂರ. ಹಬ್ಬದ ಮುಂಚಿನ ದಿನಗಳಲ್ಲಿ ಮಾರ್ಕೆಟ್ ಕಡೆ ಆಟೋ ಹಿಡಿದರೆ ಯಾವಾಗ ತಲುಪುತ್ತೇವೋ ಹೇಳೋಕಾಗಲ್ಲ.

ಮಾವ ಅಂದರೆ ಅಮ್ಮನ ಅಣ್ಣ. ತಿಪಟೂರಿನವರು. ಬಸ್ ಕಂಡಕ್ಟರ್ ಆಗಿ 31 ವರ್ಷ ದುಡಿದವರು, ಅದರಲ್ಲಿ ಹೆಚ್ಚಿನ ವರ್ಷ ತಿಪಟೂರು–ಬೆಂಗಳೂರು ಗಾಡಿಯಲ್ಲೇ. ಈಗ ಎರಡೂ ಕಣ್ಣಿಗೆ ಗ್ಲಾಕೋಮಾ. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಹಾಳಾಗುವ ಕಾಯಿಲೆ. ಹೋದ ದೃಷ್ಟಿ ವಾಪಸ್ ಬರಲ್ಲ, ಇರುವುದನ್ನು ಡ್ರಾಪ್ಸ್ ಹಾಕಿ ಉಳಿಸಿಕೊಳ್ಳಬೇಕು. ಅವರಿಗೆ ಅಕ್ಕಪಕ್ಕದ್ದು ಏನೂ ಕಾಣಲ್ಲ. ನೇರ ಎದುರಿಗೆ ಇರುವುದು ಮಾತ್ರ, ಕೊಳವೆಯೊಳಗಿಂದ ನೋಡಿದ ಹಾಗೆ, ಅದೂ ಬೆಳಕು ಚೆನ್ನಾಗಿದ್ದರೆ. ಬೆಳಕಿನಿಂದ ಕತ್ತಲೆಗೆ ಹೋದಾಗ ಸ್ವಲ್ಪ ಹೊತ್ತು ಅದೂ ಇಲ್ಲ.

ನಾನು ಆರು ವರ್ಷದಿಂದ ದಿನಾ ನೇರಳೆ ಮಾರ್ಗದಲ್ಲಿ ವಿಜಯನಗರದಿಂದ ಎಂ.ಜಿ. ರೋಡಿಗೆ ಓಡಾಡುತ್ತೇನೆ. ಮೆಜೆಸ್ಟಿಕ್‌ನಲ್ಲಿ ಯಾವ ಬಾಗಿಲಲ್ಲಿ ನಿಂತರೆ ಎಸ್ಕಲೇಟರ್ ಎದುರಿಗೇ ಸಿಗುತ್ತೆ, ಯಾವ ಬೋಗಿಯಲ್ಲಿ ಜನ ಕಡಿಮೆ, ಇವೆಲ್ಲ ನನಗೆ ಬಾಯಿಪಾಠ. ಅವತ್ತಿನ ತನಕ ಸ್ಟೇಷನ್ ಅಂದರೆ ನನಗೆ ಅಷ್ಟೇ ಆಗಿತ್ತು.

ಮಾಗಡಿ ರೋಡ್ ದಾಟಿದ ಮೇಲೆ ರೈಲು ನೆಲದೊಳಗೆ ಇಳಿಯುತ್ತದೆ. ಕಿಟಕಿ ಕಪ್ಪಾಯಿತು, ಸದ್ದು ಒಂದೇ ಸಲ ದುಪ್ಪಟ್ಟಾಯಿತು. ಮಾವ ನನ್ನ ಕೈ ಗಟ್ಟಿಯಾಗಿ ಹಿಡಿದರು. "ಸುರಂಗ ಮಾವ, ಭಯ ಇಲ್ಲ" ಅಂದೆ. "ಭಯ ಅಲ್ಲ ಕಣಮ್ಮ, ಸ್ವಲ್ಪ ಸುಮ್ನಿರು, ಕೇಳಿಸ್ಕೋತೀನಿ" ಅಂದರು.

ಅವರು ಕೇಳಿಸಿಕೊಳ್ಳುತ್ತಿದ್ದದ್ದು ರೈಲಿನೊಳಗಿನ ಆ ದನಿಯನ್ನು. ಮುಂದಿನ ನಿಲ್ದಾಣದ ಹೆಸರು, ಬಾಗಿಲು ಯಾವ ಕಡೆ ತೆರೆಯುತ್ತೆ, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಮಾವನ ಮುಖ ಅರಳಿತು. "ಇದು ಅಪರ್ಣಾ ಅಲ್ವಾ?"

ಹೌದು. ಕನ್ನಡದ ದನಿ ಅಪರ್ಣಾ ಅವರದೇ. ಆಕಾಶವಾಣಿಯಲ್ಲಿ, ದೂರದರ್ಶನದಲ್ಲಿ ವರ್ಷಗಟ್ಟಲೆ ಕೇಳಿದ ದನಿ. ಅವರು ಜುಲೈ 11ರಂದು ತೀರಿಕೊಂಡಿದ್ದರು, ಆಗಿನ್ನೂ ಒಂದು ತಿಂಗಳಾಗಿತ್ತು ಅಷ್ಟೆ. ಮಾವನಿಗೂ ಗೊತ್ತಿತ್ತು, ರೇಡಿಯೋದಲ್ಲಿ ಕೇಳಿದ್ದರಂತೆ. ಇಬ್ಬರೂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆ ದನಿ ಮಾತ್ರ ಎಂದಿನ ಹಾಗೆ ಅವಸರವಿಲ್ಲದೆ ಸ್ಟೇಷನ್ನಿನ ಹೆಸರು ಹೇಳುತ್ತಿತ್ತು.

ಆಮೇಲೆ ಮಾವ ಕಂಡಕ್ಟರ್ ಆಗಿ ಮಾತಾಡಿದರು. ಅವರ ಮಾತು ನನಗೆ ಈಗಲೂ ಹಾಗೇ ನೆನಪಿದೆ. "ಸ್ಟಾಪ್ ಬಂದ ಮೇಲೆ ಕೂಗಬಾರದು ಪುಟ್ಟಿ. ಬರೋಕೆ ಮುಂಚೆನೇ ಕೂಗಬೇಕು. ಮುದುಕರು ಏಳಬೇಕು, ಹೆಂಗಸರು ಮಗು ಎತ್ಕೋಬೇಕು, ಮೂಟೆ ಇಳಿಸ್ಕೋಬೇಕು. ಆಮೇಲೆ ಹೆಸರು ನುಂಗಬಾರದು. ನಿಟ್ಟೂರು ಅಂದ್ರೆ ನಿಟ್ಟೂರೇ ಕೇಳಬೇಕು. ಈ ಯಮ್ಮ ಒಂದಕ್ಷರ ನುಂಗಲ್ಲ ನೋಡು."

ಆರು ವರ್ಷ ಆ ದನಿ ನನ್ನ ಕಿವಿಗೆ ಬಿದ್ದಿದೆ. ನಾನು ಇಯರ್‌ಫೋನ್ ಹಾಕಿಕೊಂಡು ಅದನ್ನು ಹೊರಗೇ ನಿಲ್ಲಿಸಿದ್ದೆ. ಬೋರ್ಡ್ ಓದಲಾಗದವರಿಗೆ, ಬಾಗಿಲು ಎಡಕ್ಕೋ ಬಲಕ್ಕೋ ಕಾಣದವರಿಗೆ, ಆ ಎರಡು ವಾಕ್ಯವೇ ದಾರಿ ಅಂತ ಯಾವತ್ತೂ ಹೊಳೆದಿರಲಿಲ್ಲ.

ಮೆಜೆಸ್ಟಿಕ್‌ನಲ್ಲಿ ಇಳಿದೆವು. ಅದರ ಪೂರ್ತಿ ಹೆಸರು ನಾಡಪ್ರಭು ಕೆಂಪೇಗೌಡ ನಿಲ್ದಾಣ. ನೇರಳೆ ಮಾರ್ಗದ ಸುರಂಗದಲ್ಲಿ ರೈಲು ಶುರುವಾದದ್ದು 2016ರ ಏಪ್ರಿಲ್ ಕೊನೆಯಲ್ಲಿ. ಹಸಿರು ಮಾರ್ಗದ್ದು ಅದರ ಮುಂದಿನ ವರ್ಷ ಜೂನ್‌ನಲ್ಲಿ. ಅಲ್ಲಿಂದ ಎರಡೂ ಕಡೆಯ ಜನ ಇಲ್ಲೇ ಹಾದುಹೋಗಬೇಕು. ಬೆಳಗಿನ ಹೊತ್ತು ಅಲ್ಲಿ ಯಾರೂ ನಡೆಯುವುದಿಲ್ಲ, ಹರಿಯುತ್ತಾರೆ. ನಾನು ಮಾವನ ತೋಳು ಹಿಡಿದು, ಜನರ ನಡುವೆ ದಾರಿ ಮಾಡಿಕೊಂಡು, ಎಳೆದುಕೊಂಡು ಹೊರಟೆ. ಅವರು ಎರಡು ಸಲ ತಡವರಿಸಿದರು.

ಆಗ ಒಬ್ಬ ಸೆಕ್ಯುರಿಟಿ ಹೆಣ್ಣುಮಗಳು ಬಂದರು. ಇಪ್ಪತ್ತೈದು ದಾಟಿರಲಿಕ್ಕಿಲ್ಲ. "ಮೇಡಂ, ನೀವು ಅವರನ್ನ ಹಿಡ್ಕೋಬೇಡಿ. ಅವರು ನಿಮ್ಮ ಮೊಣಕೈ ಹಿಡ್ಕೊಳ್ಳಲಿ. ನೀವು ಅರ್ಧ ಹೆಜ್ಜೆ ಮುಂದೆ ನಡೀರಿ" ಅಂದರು. ಅಷ್ಟೇ ಹೇಳಿ, ಮಾವನ ಕೈಯನ್ನು ನನ್ನ ಮೊಣಕೈ ಮೇಲೆ ಇಟ್ಟು, "ತಾತ, ನಿಧಾನ" ಅಂದು ಹೋದರು.

ಎಷ್ಟು ವ್ಯತ್ಯಾಸ ಆಯಿತು ಅಂದರೆ ನಂಬಲಾರಿರಿ. ನಾನು ಎಳೆಯುವಾಗ ಮಾವನಿಗೆ ಮುಂದೇನು ಅಂತ ತಿಳಿಯುತ್ತಿರಲಿಲ್ಲ. ಅವರು ನನ್ನನ್ನು ಹಿಡಿದಾಗ, ನಾನು ತಿರುಗಿದರೆ, ನಿಂತರೆ, ಮೆಟ್ಟಿಲಿಳಿದರೆ ನನ್ನ ಮೈ ಮೊದಲೇ ಅವರಿಗೆ ಹೇಳುತ್ತಿತ್ತು. ಆ ಹುಡುಗಿಗೆ ಇದನ್ನು ಯಾರು ಹೇಳಿಕೊಟ್ಟಿದ್ದರೋ, ಅವರಿಗೂ ಒಂದು ನಮಸ್ಕಾರ.

"ಕಾಲ ಕೆಳಗೆ ಏನೋ ಉಬ್ಬು ಸಿಗ್ತಿದೆ" ಅಂದರು ಮಾವ. ಹಳದಿ ಟೈಲ್ಸ್. ನೆಲದ ಮೇಲೆ ಉದ್ದಕ್ಕೂ ಹಾಸಿರುತ್ತಾರಲ್ಲ, ಅವು. ನಾನು ಬಗ್ಗಿ ನೋಡಿದೆ, ನಿಜವಾಗಿ ಮೊದಲ ಸಲ ನೋಡಿದೆ. ಕೆಲವದರಲ್ಲಿ ಉದ್ದುದ್ದ ಗೆರೆ, ಕೆಲವದರಲ್ಲಿ ದುಂಡು ಚುಕ್ಕಿ. ಗೆರೆ ಇದ್ದರೆ ಹೀಗೇ ಮುಂದೆ ಹೋಗಿ ಅಂತ. ಚುಕ್ಕಿ ಬಂದರೆ ನಿಲ್ಲಿ, ಇಲ್ಲಿ ತಿರುವಿದೆ, ಮೆಟ್ಟಿಲಿದೆ, ಇಲ್ಲಾ ಪ್ಲಾಟ್‌ಫಾರ್ಮಿನ ಅಂಚಿದೆ ಅಂತ. ರಾತ್ರಿ ಮನೆಗೆ ಬಂದು ಓದಿದೆ. ಇದನ್ನು ಮಾಡಿದವರು ಜಪಾನಿನ ಸೇಯಿಚಿ ಮಿಯಾಕೆ. 1967ರಲ್ಲಿ ಒಕಾಯಾಮ ಊರಿನ ಅಂಧರ ಶಾಲೆಯ ಹತ್ತಿರದ ರಸ್ತೆಯಲ್ಲಿ ಮೊದಲು ಹಾಸಿದ್ದು. ಅಲ್ಲಿಂದ ಅದು ಇಲ್ಲಿ, ಮಾವನ ಸವೆದ ಚಪ್ಪಲಿಯ ಕೆಳಗೆ ಬಂದು ತಲುಪಿತ್ತು.

ಮಾವ ಪಾದದಲ್ಲೇ ಗೆರೆ ಹುಡುಕಿಕೊಂಡು ನಡೆಯತೊಡಗಿದರು. ಹತ್ತು ಹೆಜ್ಜೆ ಹೋಗಿರಬೇಕು, ಒಂದು ಸೂಟ್‌ಕೇಸಿಗೆ ಕಾಲು ತಗುಲಿತು. ಅದರ ಮಾಲೀಕರು ಹಳದಿ ಟೈಲ್ಸ್ ಮೇಲೆ ಸರಿಯಾಗಿ ಸೂಟ್‌ಕೇಸ್ ಇಟ್ಟು ಫೋನ್ ನೋಡುತ್ತಿದ್ದರು. "ಸಾರಿ ಸಾರಿ" ಅಂತ ಪಕ್ಕಕ್ಕೆ ಎಳೆದುಕೊಂಡರು. ಸ್ವಲ್ಪ ಮುಂದೆ ನಾಲ್ಕು ಹುಡುಗರು ಅದೇ ಗೆರೆಯ ಮೇಲೆ ನಿಂತು ಮಾತಾಡುತ್ತಿದ್ದರು. ಕೆಟ್ಟವರಲ್ಲ ಯಾರೂ, ಕೇಳಿದ ತಕ್ಷಣ ಜಾಗ ಬಿಟ್ಟರು. ಆದರೆ ಒಬ್ಬರೇ ಬಂದವರು ಎಷ್ಟು ಜನರನ್ನು ಕೇಳುತ್ತಾ ಹೋಗಬೇಕು? ದಯವಿಟ್ಟು ಆ ಹಳದಿ ಗೆರೆಯ ಮೇಲೆ ನಿಲ್ಲಬೇಡಿ. ಬ್ಯಾಗ್ ಇಡಬೇಡಿ. ಅದು ಅಲಂಕಾರ ಅಲ್ಲ, ಅದು ಒಬ್ಬರ ರಸ್ತೆ.

ಹಸಿರು ಮಾರ್ಗಕ್ಕೆ ಇನ್ನೂ ಕೆಳಗಿಳಿಯಬೇಕು. ಲಿಫ್ಟ್ ಹುಡುಕೋಣ ಅಂದೆ. ಮಾವ ಎಸ್ಕಲೇಟರ್ ಹತ್ತಿರ ನಿಂತು, ಕಾಲಿಡುವ ಮುಂಚೆ, ಪಕ್ಕದ ಕಪ್ಪು ರಬ್ಬರ್ ಕೈಹಿಡಿಯ ಮೇಲೆ ಬೆರಳು ಇಟ್ಟರು. "ಇದು ನನ್ನಿಂದ ದೂರ ಹೋಗ್ತಿದೆ. ಅಂದ್ರೆ ನಮ್ದೇ. ನನ್ನ ಕಡೆಗೇ ಬಂದಿದ್ರೆ ಎದುರಿಂದ ಜನ ಬರೋದು" ಅಂದರು. ಯಾರೂ ಹೇಳಿಕೊಟ್ಟಿರಲಿಲ್ಲ. ನಿಂತು ಯೋಚಿಸಿದ್ದರು, ಅಷ್ಟೇ.

ಕೆಳಗಿಳಿಯುತ್ತಾ ಕೇಳಿದರು, "ನಾವೀಗ ಬಸ್ ಸ್ಟ್ಯಾಂಡ್ ಹತ್ರನೇ ಇದೀವಲ್ವಾ?"

"ಹತ್ರ ಅಲ್ಲ ಮಾವ, ಅದರ ಕೆಳಗೇ."

ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕೆರೆ ಬತ್ತಿದ ಮೇಲೆ ಬಸ್ ಬಂತು, ಬಸ್ಸಿನ ಕೆಳಗೆ ರೈಲು ಬಂತು. ಮಾವ ತಲೆ ಮೇಲೆತ್ತಿದರು, ಛಾವಣಿ ಅವರಿಗೆ ಕಾಣುತ್ತಿರಲಿಲ್ಲ ಅನ್ನುವುದು ನನಗೆ ಗೊತ್ತು. "31 ವರ್ಷ ಮೇಲೆ ಕೂಗಿದೀನಿ. ಕೆ.ಬಿ. ಕ್ರಾಸ್, ನಿಟ್ಟೂರು, ಗುಬ್ಬಿ, ತುಮಕೂರು, ದಾಬಸ್‌ಪೇಟೆ, ನೆಲಮಂಗಲ" ಅಂತ ಒಂದೊಂದಾಗಿ ಹೇಳಿದರು, ಸಣ್ಣ ದನಿಯಲ್ಲಿ, ಆದರೆ ಯಾವ ಅಕ್ಷರವನ್ನೂ ನುಂಗದೆ. ನಮ್ಮ ಹಿಂದಿನ ಮೆಟ್ಟಿಲಲ್ಲಿದ್ದ ಅಜ್ಜಿಯೊಬ್ಬರು ಇಣುಕಿ ನೋಡಿದರು.

ಹಸಿರು ಮಾರ್ಗದ ಒಂದು ತುದಿಯ ನಿಲ್ದಾಣ ರೇಷ್ಮೆ ಸಂಸ್ಥೆ, ಆ ಕಡೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆವು. ಜನ ನಡುಭಾಗದಲ್ಲೇ ಗುಂಪು. ಅದು ಹಳೇ ಅಭ್ಯಾಸ ಇರಬೇಕು ಅಂತ ನನ್ನ ಅಂದಾಜು. ಪ್ಲಾಟ್‌ಫಾರ್ಮ್ ಕಟ್ಟಿದ್ದು ಆರು ಬೋಗಿಗೆ, ಮೊದಲು ಓಡುತ್ತಿದ್ದದ್ದು ಮೂರೇ ಬೋಗಿ. ಆಮೇಲೆ ಆರು ಬೋಗಿಯ ರೈಲು ಬರತೊಡಗಿದವು, ಆದರೂ ಕಾಲು ನಡುವಿಗೇ ಹೋಗುತ್ತೆ. ನಾವು ಕೊನೆಯ ಕಡೆ ನಡೆದು ನಿಂತೆವು.

ಮಾವ ಕೇಳಿದರು, ಅಂಚಿನಲ್ಲಿ ತಡೆಯೋಕೆ ಅಡ್ಡ ಕಂಬಿ ಇದೆಯಾ ಅಂತ. ಇಲ್ಲ ಅಂದೆ. ಇಲ್ಲಿ ತಲೆಯ ಮೇಲೆ ವಿದ್ಯುತ್ ತಂತಿ ಇರಲ್ಲ. ಕರೆಂಟು ಹರಿಯುವುದು ಕೆಳಗೆ ಹಳಿಯ ಪಕ್ಕದಲ್ಲೇ ಇರುವ ಮೂರನೇ ಹಳಿಯಲ್ಲಿ, 750 ವೋಲ್ಟ್. ಅವತ್ತು ನಮಗೂ ಅದಕ್ಕೂ ನಡುವೆ ಇದ್ದದ್ದು ಒಂದು ಹಳದಿ ಪಟ್ಟಿ ಮತ್ತು ಸೆಕ್ಯುರಿಟಿಯವರ ಸೀಟಿ. ಆ ಸೀಟಿ ಕೇಳಿದಾಗೆಲ್ಲ ನನಗೆ ಕಿರಿಕಿರಿ ಆಗುತ್ತಿತ್ತು. ಅವತ್ತು ಮಾವ ಪಕ್ಕದಲ್ಲಿದ್ದರು, ಸೀಟಿ ಊದುವವರು ಇನ್ನೂ ಇಬ್ಬರು ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

"ಗಾಡಿ ಬಂತು" ಅಂದರು ಮಾವ.

ಬೋರ್ಡ್ ಇನ್ನೂ ಒಂದು ನಿಮಿಷ ತೋರಿಸುತ್ತಿತ್ತು. ಸದ್ದೂ ಇಲ್ಲ. "ಇಲ್ಲ ಮಾವ" ಅನ್ನುವಷ್ಟರಲ್ಲಿ ನನಗೂ ಗೊತ್ತಾಯಿತು. ಗಾಳಿ. ಪಂಚೆಯ ಅಂಚು ಅಲುಗುವಷ್ಟು ಗಾಳಿ. ಸುರಂಗ ಅಂದರೆ ಕೊಳವೆ, ಅದರೊಳಗೆ ರೈಲು ನುಗ್ಗಿದಾಗ ಎದುರಿನ ಗಾಳಿಯನ್ನು ಪಿಚಕಾರಿಯ ಹಾಗೆ ತಳ್ಳುತ್ತದೆ. ರೈಲಿಗಿಂತ ಮುಂಚೆ ಆ ಗಾಳಿ ಸ್ಟೇಷನ್ ತಲುಪುತ್ತೆ. ಮಾವ ಎಡಗೆನ್ನೆ ಮುಟ್ಟಿ ತೋರಿಸಿದರು, "ಈ ಕಡೆಯಿಂದ ಬರುತ್ತೆ." ಅದೇ ಕಡೆಯಿಂದ ಬಂತು.

ಚಿಕ್ಕಪೇಟೆ ಬೇಗ ಕಳೆಯಿತು. ಹಳೇ ಮನೆ, ಹಳೇ ಅಂಗಡಿಗಳ ತಳದಲ್ಲಿ ಗೋದಾವರಿ, ಕೃಷ್ಣಾ ಅನ್ನುವ ಯಂತ್ರಗಳು ಕೊರೆದ ಸುರಂಗ ಅದು. ಮಾರ್ಕೆಟ್‌ನಲ್ಲಿ ಇಳಿದಾಗ ಮಾತ್ರ ಯಾವ ದನಿಯೂ ಬೇಕಿರಲಿಲ್ಲ. ಸೇವಂತಿಗೆ, ಮಲ್ಲಿಗೆ, ಮರುಗ, ಒದ್ದೆ ಬಾಳೆಲೆ. ಹೂವಿನ ಚೀಲ ಹೊತ್ತವರು ಕೆಳಗಿಳಿಯುತ್ತಿದ್ದರು, ನಾವು ಮೇಲೆ ಹೋಗುತ್ತಿದ್ದೆವು, ವಾಸನೆ ಎರಡೂ ಕಡೆ. ಮಾವ ಎಸ್ಕಲೇಟರ್ ಮೇಲೆ ನಿಂತು ಮೂಗರಳಿಸಿ ಉಸಿರೆಳೆದುಕೊಂಡರು. "ಈ ಸ್ಟಾಪ್ ಕೂಗೋದೇ ಬೇಡ" ಅಂದರು.

ಮೇಲೆ ಬಿಸಿಲಿಗೆ ಬಂದಾಗ ಎರಡು ನಿಮಿಷ ಸುಮ್ಮನೆ ನಿಲ್ಲಬೇಕಾಯಿತು. ಅವರ ಕಣ್ಣು ಹೊಂದಿಕೊಳ್ಳಬೇಕಲ್ಲ.

ಆಸ್ಪತ್ರೆಯ ಕೆಲಸ ಮುಗಿಯುವಾಗ ಎರಡು ಗಂಟೆ. ಒತ್ತಡ ಹತೋಟಿಯಲ್ಲಿದೆ, ಅದೇ ಡ್ರಾಪ್ಸ್ ಮುಂದುವರಿಸಿ, ಮೂರು ತಿಂಗಳಿಗೆ ಬನ್ನಿ ಅಂದರು. ನಮಗೆ ಅಷ್ಟೇ ಸಾಕಿತ್ತು. ಅಮ್ಮನಿಗೆ ಅಂತ ಎರಡು ಮೊಳ ಕನಕಾಂಬರ ತೆಗೆದುಕೊಂಡು ಮತ್ತೆ ಕೆಳಗಿಳಿದೆವು.

ವಾಪಸ್ ರೈಲಿನಲ್ಲಿ ಒಬ್ಬ ಹುಡುಗ ಎದ್ದು ಮಾವನಿಗೆ ಜಾಗ ಕೊಟ್ಟ. ಅವರ ಪಕ್ಕದಲ್ಲಿ ಒಬ್ಬರು ಹೆಂಗಸು, ತೊಡೆಯ ಮೇಲೆ ದೊಡ್ಡ ಚೀಲ, ಮೇಲಿಂದ ಬಾಳೆಕಂದಿನ ತುದಿ ಇಣುಕುತ್ತಿತ್ತು. ಮೊದಲ ಸಲ ಮೆಟ್ರೋ ಹತ್ತಿದವರ ಹಾಗೆ ಪ್ರತಿ ಕ್ಷಣ ಕಿಟಕಿ ನೋಡುತ್ತಿದ್ದರು. ಕಿಟಕಿಯಲ್ಲಿ ಕತ್ತಲೆ ಬಿಟ್ಟರೆ ಏನೂ ಇಲ್ಲ. ರೈಲು ನಿಧಾನವಾಗುತ್ತಿದ್ದ ಹಾಗೆ ಗಾಬರಿಯಿಂದ ಎದ್ದುನಿಂತು, ಯಾರನ್ನು ಕೇಳುವುದು ಅಂತ ತಿಳಿಯದೆ, ಮಾವನನ್ನೇ ಕೇಳಿದರು.

"ಅಣ್ಣಾ, ಮೆಜೆಸ್ಟಿಕ್ ಬಂತಾ?"

ನಾನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಾವ, "ಇಲ್ಲಮ್ಮ, ಕೂತ್ಕೋ. ಇದು ಚಿಕ್ಕಪೇಟೆ. ಮುಂದಿನದು ಮೆಜೆಸ್ಟಿಕ್" ಅಂದರು.

ಅವರು ಕೂತರು. ಚಿಕ್ಕಪೇಟೆ ಬಿಟ್ಟಿತು, ಅಪರ್ಣಾ ಅವರ ದನಿ ಬಂತು, ಮುಗಿಯಿತು. ಮಾವ ಆ ಹೆಂಗಸಿನ ಕಡೆ ತಿರುಗಿ ಹೇಳಿದರು, "ಈಗ ಏಳಮ್ಮ. ಚೀಲ ಎತ್ಕೋ. ಬಾಗಿಲು ಈ ಕಡೆ ತೆಗೀತಾರೆ", ಕೈಯಲ್ಲೂ ತೋರಿಸಿದರು.

ಅವರು ಚೀಲ ಎತ್ತಿಕೊಂಡು ಆ ಬಾಗಿಲ ಹತ್ತಿರ ಹೋಗಿ ನಿಂತರು. ಬಾಗಿಲು ಅಲ್ಲೇ ತೆರೆಯಿತು. ಇಳಿಯುವಾಗ ಹಿಂತಿರುಗಿ ನೋಡಿ, "ಬರ್ತೀನಣ್ಣ" ಅಂದು ನಕ್ಕರು. ನಾನು ಮೊಣಕೈ ಮುಂದೆ ಚಾಚಿದೆ, ಮಾವ ಅದನ್ನು ಹಿಡಿದುಕೊಂಡು ಎದ್ದರು.