ಇಂಟರ್ನ್‌ಶಿಪ್‌ಗೆ ಹೋದ ಕಡೆ ನಾನು ಗೇ ಅಂತ ಹೇಳಬೇಕಾ?

ಪತ್ರಿಕೋದ್ಯಮ ಓದುವವರಿಗೆ ವರದಿಗಾರಿಕೆ ಬಗ್ಗೆ ಮಾತಾಡಲು ಕಾಲೇಜುಗಳಿಗೆ ಹೋದಾಗೆಲ್ಲ ಈ ಪ್ರಶ್ನೆ ಬರುತ್ತದೆ. ಕ್ಲಾಸಿನಲ್ಲಿ ಯಾರೂ ಕೇಳುವುದಿಲ್ಲ, ರಾತ್ರಿ ಇನ್‌ಸ್ಟಾಗ್ರಾಂನಲ್ಲಿ ಕೇಳುತ್ತಾರೆ. "ಸರ್, ಮುಂದಿನ ತಿಂಗಳು ಇಂಟರ್ನ್‌ಶಿಪ್ ಇದೆ, ಅಲ್ಲಿ ನಾನು ಗೇ ಅಂತ ಹೇಳಬೇಕಾ?" ಕೇಳುವವರಲ್ಲಿ ಲೆಸ್ಬಿಯನ್ ಹುಡುಗಿಯರಿದ್ದಾರೆ, ಟ್ರಾನ್ಸ್ ವಿದ್ಯಾರ್ಥಿಗಳಿದ್ದಾರೆ, ತಾವು ಏನು ಅಂತ ಇನ್ನೂ ಯೋಚಿಸುತ್ತಿರುವವರೂ ಇದ್ದಾರೆ. ನಾನು ಗೇ, ನ್ಯೂಸ್‌ರೂಮಿನಲ್ಲಿ ಬಹಳ ವರ್ಷ ಕಳೆದವನು, ಅದಕ್ಕೇ ನನ್ನನ್ನು ಕೇಳುತ್ತಾರೆ. ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ದಿನವೇ ಹೇಳಬೇಕಾಗಿಲ್ಲ. ಸುಳ್ಳು ಹೇಳಿ ಮುಚ್ಚಿಡಲೂ ಬೇಕಾಗಿಲ್ಲ. ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಅನ್ನೋದು ನಿಮಗೆ ಬಿಟ್ಟಿದ್ದು, ಅದರಲ್ಲಿ ನಾನು ತಲೆ ಹಾಕುವುದಿಲ್ಲ. ಆದರೆ ಒಂದು ವಿಷಯದಲ್ಲಿ ಮಾತ್ರ ನನ್ನದು ಹಟ: ನಿಮ್ಮ ಸ್ವಂತ ಬದುಕನ್ನು ನಿಮ್ಮ ಮೊದಲ ಬೈಲೈನ್, ಅಂದರೆ ನಿಮ್ಮ ಹೆಸರಿನಲ್ಲಿ ಅಚ್ಚಾಗುವ ಮೊದಲ ಬರಹ, ಮಾಡಿಕೊಳ್ಳಬೇಡಿ.

ಯಾಕೆ ಅಂತ ಹೇಳುತ್ತೇನೆ. ಜೂನ್ ಬಂತು ಅಂದರೆ ಪ್ರೈಡ್ ತಿಂಗಳು, ನಮ್ಮಂಥವರು ಹೆಮ್ಮೆಯಿಂದ ಆಚರಿಸುವ ತಿಂಗಳು. ಡೆಸ್ಕಿಗೆ, ಅಂದರೆ ಸುದ್ದಿ ತಿದ್ದಿ ಪುಟ ಮಾಡುವವರಿಗೆ, ಆಗ ಏನಾದರೂ ಬೇಕು. ಇಂಟರ್ನ್ ಒಬ್ಬ ಕ್ವೀರ್ (ಗೇ, ಲೆಸ್ಬಿಯನ್, ಟ್ರಾನ್ಸ್ ಎಲ್ಲರಿಗೂ ಸೇರಿ ಇರುವ ಹೆಸರು) ಅಂತ ಗೊತ್ತಾದರೆ, "ನೀನೇ ಒಂದು ಬರಿಯಪ್ಪಾ, ನಿನ್ನ ಅನುಭವ, ಮನೇಲಿ ಏನಂದ್ರು, ಆ ಥರ" ಅನ್ನುತ್ತಾರೆ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಇಪ್ಪತ್ತು ವರ್ಷದ ಹುಡುಗನಿಗೋ ಹುಡುಗಿಗೋ ಹೆಸರು ಅಚ್ಚಾಗುವ ಆಸೆ ಇದ್ದೇ ಇರುತ್ತದೆ, ಬರೆದು ಕೊಡುತ್ತಾರೆ. ಅದು ಚೆನ್ನಾಗಿ ಓಡುತ್ತದೆ. ಆಮೇಲೆ ಜುಲೈ ಬರುತ್ತದೆ. ಬಜೆಟ್ ಸುದ್ದಿಗೆ, ಕೋರ್ಟ್ ಸುದ್ದಿಗೆ, ಮಳೆಹಾನಿಗೆ ನಿಮ್ಮನ್ನು ಯಾರೂ ಕಳಿಸುವುದಿಲ್ಲ, ಯಾಕಂದರೆ ಅವರ ತಲೆಯಲ್ಲಿ ನೀವು "ಆ ವಿಷಯ" ಬರೆಯುವವರು ಅಂತ ಕೂತುಬಿಟ್ಟಿದೆ.

ಇನ್ನೊಂದು ಕಾರಣ ಕನ್ನಡದಲ್ಲಿ ಬರೆಯುವವರಿಗೇ ಸೇರಿದ್ದು. ಇಂಗ್ಲಿಷ್ ವೆಬ್‌ಸೈಟಿನಲ್ಲಿ ತನ್ನ ಕಥೆ ಬರೆದ ದಾವಣಗೆರೆಯ ಹುಡುಗ ಊರಿಗೆ ಹೋದಾಗ ಯಾರೂ ಅದನ್ನು ಓದಿರುವುದಿಲ್ಲ. ಕನ್ನಡ ಪೇಪರಿನಲ್ಲಿ ಬರೆದರೆ ಹಾಗಲ್ಲ. ಅದು ಕಟಿಂಗ್ ಶಾಪಿನ ಬೆಂಚಿನ ಮೇಲಿರುತ್ತದೆ, ಡೇರಿಯ ಕಟ್ಟೆ ಮೇಲಿರುತ್ತದೆ, ಸೋದರಮಾವ ಫೋಟೋ ತೆಗೆದು ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವಷ್ಟರಲ್ಲಿ ನೀವಿನ್ನೂ ಪಿಜಿಯಲ್ಲಿ ಹಲ್ಲುಜ್ಜುತ್ತಿರುತ್ತೀರಿ. ಅಪ್ಪ ಅಮ್ಮನಿಗೆ ಹೇಳುವ ಮಾತನ್ನು ಪೇಪರ್ ಹೇಳಿಬಿಡಬಾರದು, ಅಲ್ವಾ? ಮನೆಯಲ್ಲಿ ಹೇಳಿಯಾಗಿದೆ, ಮನೆಯವರು ಜೊತೆಗಿದ್ದಾರೆ ಅಂದರೆ ಬೇರೆ ಮಾತು. ಆಗಲೂ ಒಂದೆರಡು ವರ್ಷ ಬೇರೆ ಸುದ್ದಿ ಮಾಡಿದ ಮೇಲೆ ಬರೆಯಿರಿ. ಬರಹಕ್ಕೂ ತೂಕ ಬರುತ್ತದೆ.

ಕೇರಳದ ಹೈದಿ ಸಾದಿಯಾ ಅವರನ್ನು ನಾನು ಪದೇ ಪದೇ ಉದಾಹರಣೆ ಕೊಡುತ್ತೇನೆ. ಟ್ರಾನ್ಸ್ ಮಹಿಳೆ, 2019ರಲ್ಲಿ ಕೈರಳಿ ನ್ಯೂಸ್ ಚಾನೆಲ್ ಸೇರಿದರು. ಅವರ ಮೊದಲ ವರದಿ ಯಾವುದರ ಬಗ್ಗೆ ಗೊತ್ತಾ? ಚಂದ್ರಯಾನ-2. ಅವರು ಕೆಲಸಕ್ಕೆ ಸೇರಿದ್ದೇ ಬೇರೆ ಚಾನೆಲ್‌ಗಳಿಗೆ ಸುದ್ದಿಯಾಯಿತು, ಆದರೆ ಅವರು ಮಾಡಿದ ಸುದ್ದಿ ಇಸ್ರೋದ್ದು. ಅದಕ್ಕೂ ಮುಂಚೆ, 2014ರ ಆಗಸ್ಟ್ 15ರಂದು ಕೊಯಮತ್ತೂರಿನ ಲೋಟಸ್ ನ್ಯೂಸ್‌ನಲ್ಲಿ ಟ್ರಾನ್ಸ್ ಮಹಿಳೆ ಪದ್ಮಿನಿ ಪ್ರಕಾಶ್ ವಾರ್ತೆ ಓದಿದ್ದರು. ಟ್ರಾನ್ಸ್ ವ್ಯಕ್ತಿಗಳನ್ನು ತೃತೀಯ ಲಿಂಗಿಗಳು ಅಂತ ಸುಪ್ರೀಂ ಕೋರ್ಟ್ ಮಾನ್ಯ ಮಾಡಿದ್ದು ಅದೇ ವರ್ಷ ಏಪ್ರಿಲ್‌ನಲ್ಲಿ. ಆಗಸ್ಟ್‌ನ ಆ ಸಂಜೆ ಟಿವಿ ಮುಂದೆ ಕೂತವರು ಪದ್ಮಿನಿಯವರಿಂದ ಕೇಳಿದ್ದು ಊರಿನ, ದೇಶದ ಸುದ್ದಿಯನ್ನು. ನನಗೆ ಇದು ಬಹಳ ಇಷ್ಟ.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ, ಅದನ್ನು ಹೇಳದೆ ಹೋದರೆ ಅನ್ಯಾಯ. ಅಮೆರಿಕದ ರ‍್ಯಾಂಡಿ ಶಿಲ್ಟ್ಸ್ ಕಾಲೇಜಿನಲ್ಲಿದ್ದಾಗಲೇ ಗೇ ಅಂತ ಹೇಳಿಕೊಂಡಿದ್ದವರು. ಒರೆಗಾನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಯಲ್ಲಿ ಮ್ಯಾನೇಜಿಂಗ್ ಎಡಿಟರ್ ಆಗಿದ್ದರು, ಓದಿನಲ್ಲೂ ಮುಂದು. 1975ರಲ್ಲಿ ಪದವಿ ಮುಗಿಸಿ ಹೊರಗೆ ಬಂದರೆ ದೊಡ್ಡ ಪತ್ರಿಕೆಗಳಲ್ಲಿ ಕೆಲಸ ಇಲ್ಲ. ವರ್ಷಗಟ್ಟಲೆ ಫ್ರೀಲ್ಯಾನ್ಸ್ ಮಾಡಿದರು. ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್ ಅವರನ್ನು ತೆಗೆದುಕೊಂಡಿದ್ದು 1981ರಲ್ಲಿ, ಏಡ್ಸ್‌ನ ಮೊದಲ ವರದಿಗಳು ಹೊರಬಂದದ್ದೂ ಅದೇ ವರ್ಷ. ಬೇರೆ ಪತ್ರಿಕೆಗಳು ಆ ಕಾಯಿಲೆಯ ಕಡೆ ತಿರುಗಿಯೂ ನೋಡದಿದ್ದಾಗ ಅವರು ಅದನ್ನೇ ತಮ್ಮ ಬೀಟ್, ಅಂದರೆ ಸದಾ ಬೆನ್ನು ಹತ್ತಿ ಬರೆಯುವ ವಿಷಯ, ಮಾಡಿಕೊಂಡರು. ಸರ್ಕಾರ ಎಲ್ಲಿ ನಿದ್ದೆ ಮಾಡಿತು ಅಂತ ಬರೆದರು. ಗೇ ಗಂಡಸರು ಸೇರುತ್ತಿದ್ದ ಸ್ನಾನಗೃಹಗಳಿಂದ ಸೋಂಕು ಹರಡುತ್ತಿದೆ ಅಂತಲೂ ಬರೆದರು. ಅದಕ್ಕೆ ಅವರ ಸಮುದಾಯದವರೇ ಎಷ್ಟೋ ಜನ ಅವರ ಮೇಲೆ ತಿರುಗಿಬಿದ್ದರು. 1994ರಲ್ಲಿ ಏಡ್ಸ್‌ನಿಂದಲೇ ತೀರಿಕೊಂಡಾಗ ಅವರಿಗಿನ್ನೂ 42 ವರ್ಷ.

ಕ್ವೀರ್ ಬೀಟ್ ಬೇಕು ಅನ್ನುವವರು ಶಿಲ್ಟ್ಸ್ ಅವರ ಈ ಭಾಗವನ್ನು ನೋಡಬೇಕು. ನಮ್ಮವರ ಬಗ್ಗೆ ನಮ್ಮವರಿಗೇ ಹಿಡಿಸದ ಸುದ್ದಿ ಬರೆಯುವ ಗಟ್ಟಿತನ ಇದ್ದರೆ ಆ ಬೀಟ್ ತೆಗೆದುಕೊಳ್ಳಿ. ಎನ್‌ಜಿಒ ದುಡ್ಡಿನ ಲೆಕ್ಕ ಕೇಳಬೇಕಾಗುತ್ತದೆ, ನಾಳೆ ಪಾರ್ಟಿಯಲ್ಲಿ ಸಿಗುವ ಗೆಳೆಯನ ಮೇಲಿನ ದೂರನ್ನೂ ವಿಚಾರಿಸಬೇಕಾಗುತ್ತದೆ. ಆಗುವುದಿಲ್ಲ ಅಂದರೆ ಕೃಷಿ, ಶಿಕ್ಷಣ, ಕ್ರೀಡೆ ಎಷ್ಟು ಬೇಕಾದರೂ ಇವೆ, ಅಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಹಾಗಾದರೆ ಕ್ವೀರ್ ಆಗಿ ಬೆಳೆದದ್ದು ಕೆಲಸಕ್ಕೆ ಏನೂ ಉಪಯೋಗವಿಲ್ಲವಾ? ತುಂಬಾ ಇದೆ. ಒಂದು ಸಣ್ಣ ಕ್ರೈಂ ಸುದ್ದಿ ತೆಗೆದುಕೊಳ್ಳೋಣ. ಡೇಟಿಂಗ್ ಆ್ಯಪ್‌ನಲ್ಲಿ ಪರಿಚಯವಾದವನು ಒಬ್ಬನನ್ನು ರೂಮಿಗೆ ಕರೆಸಿಕೊಂಡು, ಜೊತೆಗಾರರನ್ನು ಸೇರಿಸಿಕೊಂಡು ಹೊಡೆದು, ವಿಡಿಯೋ ಮಾಡಿ, ಫೋನ್‌ಪೇಯಲ್ಲಿ ದುಡ್ಡು ಹಾಕಿಸಿಕೊಂಡ. ಹೋದವನು ಗಂಡಸು, ಕರೆದವನೂ ಗಂಡಸು. ಇಂಥ ದೂರುಗಳು ಬರುತ್ತಲೇ ಇರುತ್ತವೆ, ನಾಚಿಕೊಂಡು ದೂರು ಕೊಡದವರು ಇನ್ನೂ ಜಾಸ್ತಿ. ಠಾಣೆಯಲ್ಲಿ ಸಿಕ್ಕ ಮಾಹಿತಿಯಲ್ಲಿ ವಯಸ್ಸು, ಏರಿಯಾ, ಕಂಪನಿ, ಹುಟ್ಟೂರು ಎಲ್ಲ ಇದೆ. ಹೆಸರು ಬಿಟ್ಟರೆ ಸಾಕು ಅಂದುಕೊಂಡು ಹೊಸ ವರದಿಗಾರ ಬರೆಯುತ್ತಾನೆ: "ಹಾಸನ ಮೂಲದ, ಇಂಥ ಕಂಪನಿಯ 27 ವರ್ಷದ ಎಂಜಿನಿಯರ್, ಇಂಥ ಬಡಾವಣೆಯ ನಿವಾಸಿ." ಅವನ ಜೊತೆ ಕೆಲಸ ಮಾಡುವವರಿಗೆ ಗುರುತು ಹಿಡಿಯಲು ಎರಡು ನಿಮಿಷ ಬೇಕಾಗಿಲ್ಲ. ನಿಮಗೆ ಆ ಸಾಲು ಓದಿದ ತಕ್ಷಣ ಎದೆ ಧಸಕ್ ಅನ್ನುತ್ತದೆ. ಊರು ತೆಗೆಯುತ್ತೀರಿ, ಕಂಪನಿ ತೆಗೆಯುತ್ತೀರಿ, "ಖಾಸಗಿ ಕಂಪನಿ ಉದ್ಯೋಗಿ" ಅಂತ ಮಾಡುತ್ತೀರಿ. ಆಮೇಲೆ ಇನ್‌ಸ್ಪೆಕ್ಟರ್‌ಗೆ ಫೋನ್ ಮಾಡಿ, ಇದೇ ಗುಂಪಿನ ಮೇಲೆ ಬೇರೆ ದೂರು ಬಂದಿದೆಯಾ ಅಂತ ಕೇಳುತ್ತೀರಿ, ಯಾಕಂದರೆ ಇಂಥವರು ಒಬ್ಬನಿಗೆ ನಿಲ್ಲಿಸುವುದಿಲ್ಲ ಅಂತ ನಿಮಗೆ ಗೊತ್ತು. ಸುದ್ದಿ ಅಲ್ಲಿಂದ ದೊಡ್ಡದಾಗುತ್ತದೆ. ಹೆದರಿದವರ ಹತ್ತಿರ ಹೇಗೆ ಮಾತಾಡಬೇಕು ಅನ್ನುವ ಈ ವಿದ್ಯೆ ಅತ್ಯಾಚಾರದ ಪ್ರಕರಣಕ್ಕೂ ಬೇಕು, ಜಾತಿ ದೌರ್ಜನ್ಯಕ್ಕೂ ಬೇಕು, ಸಾಲಕ್ಕೆ ಹೆದರಿ ಊರು ಬಿಟ್ಟವರ ಸುದ್ದಿಗೂ ಬೇಕು.

ಈ ವಿದ್ಯೆ ಇಲ್ಲದವರು ಏನು ಮಾಡಿದ್ದಾರೆ ಅಂತಲೂ ಗೊತ್ತಿರಲಿ. 2010ರ ಫೆಬ್ರವರಿಯಲ್ಲಿ ಅಲಿಗಢದಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಗೇ ಪ್ರೊಫೆಸರ್ ಸಿರಸ್ ಅವರ ಮನೆಗೆ ಕ್ಯಾಮೆರಾ ಹಿಡಿದವರು ನುಗ್ಗಿ, ಅವರು ಇನ್ನೊಬ್ಬ ಗಂಡಸಿನ ಜೊತೆ ಇದ್ದದ್ದನ್ನು ಚಿತ್ರೀಕರಿಸಿದರು. ವಿಶ್ವವಿದ್ಯಾಲಯ ಅವರನ್ನು ಅಮಾನತು ಮಾಡಿತು, ಹೈಕೋರ್ಟ್ ಅವರ ಪರ ಆದೇಶ ಕೊಟ್ಟಿತು, ಅದಾದ ಕೆಲವೇ ದಿನಕ್ಕೆ ಅವರು ತೀರಿಕೊಂಡರು. ಮುಂದಿನ ವರ್ಷ ಹೈದರಾಬಾದಿನ ಗೇ ಯುವಕರ ಬಗ್ಗೆ ಅವರ ಖಾಸಗಿತನ ಬಯಲು ಮಾಡುವ ಕಾರ್ಯಕ್ರಮ ಪ್ರಸಾರವಾಯಿತು, ಸುದ್ದಿವಾಹಿನಿಗಳ ಸ್ವಯಂ ನಿಯಂತ್ರಣ ಪ್ರಾಧಿಕಾರ ಆ ವಾಹಿನಿಗೆ ಒಂದು ಲಕ್ಷ ರೂಪಾಯಿ ದಂಡ ಹಾಕಿ ಕ್ಷಮೆ ಕೇಳಿಸಿತು. ನಿಮ್ಮಂಥವರು ಡೆಸ್ಕಿನಲ್ಲಿ ಕೂತಿರಬೇಕು ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಈಗ ರೆಸ್ಯೂಮೆ. ಒಬ್ಬ ವಿದ್ಯಾರ್ಥಿನಿ ಕಳಿಸಿದ್ದರಲ್ಲಿ ಮೇಲೆಯೇ "ಕ್ವೀರ್ ಗುಂಪಿನ ಸದಸ್ಯೆ, ಪ್ರೈಡ್ ಸ್ವಯಂಸೇವಕಿ" ಅಂತ ಇತ್ತು. ವಿಚಾರಿಸಿದರೆ ಆಕೆ ಆ ಗುಂಪಿನ ಪತ್ರಿಕೆಯನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಸಂಪಾದಿಸುತ್ತಿದ್ದಳು, ಪುಟ ಕಟ್ಟುತ್ತಿದ್ದಳು, ಪ್ರೂಫ್ ನೋಡುತ್ತಿದ್ದಳು, ಬರೆಯುವವರನ್ನು ಹುಡುಕಿ ಗಡುವಿಗೆ ಬರೆಸುತ್ತಿದ್ದಳು. ಅದು ಎಲ್ಲೂ ಇರಲಿಲ್ಲ! ಸಂಪಾದಕರಿಗೆ ಬೇಕಾಗಿರುವುದು ಅದೇ ತಾನೆ? "ಎರಡು ಭಾಷೆಯ ಪತ್ರಿಕೆಯ ಸಂಪಾದಕಿ" ಅಂತ ಮೊದಲು ಬರೆಯಮ್ಮಾ ಅಂದೆ. ಪತ್ರಿಕೆಯ ಹೆಸರು ಹಾಕುವುದೋ ಬಿಡುವುದೋ ಆಕೆಯ ಇಷ್ಟ. ಆಕೆ ಹಾಕಿದಳು.

ಅರ್ಜಿ ಹಾಕುವ ಮುಂಚೆ ಆ ಸಂಸ್ಥೆಯ ಹಳೇ ಸಂಚಿಕೆ ತೆಗೆದು ನೋಡಿ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ಸೆಕ್ಷನ್ 377ರ ಬಗ್ಗೆ ತೀರ್ಪು ಕೊಟ್ಟಿತಲ್ಲ, ಮಾರನೇ ದಿನ ಅವರ ಶೀರ್ಷಿಕೆ ಏನಿತ್ತು? ಸಿಗ್ನಲ್‌ನಲ್ಲಿ ಟ್ರಾನ್ಸ್ ಮಹಿಳೆಯರ ಮೇಲೆ ಹಲ್ಲೆಯಾದರೆ ಯಾರ ಮಾತು ಹಾಕುತ್ತಾರೆ, ಪೊಲೀಸರದ್ದು ಮಾತ್ರವಾ? ಅರ್ಧ ಗಂಟೆ ಹುಡುಕಿದರೆ ಒಳಗಿನ ಗಾಳಿ ಹೇಗಿದೆ ಅಂತ ಗೊತ್ತಾಗುತ್ತದೆ. ಒಳಗೆ ಹೋದ ಮೇಲೆ ಸಂಜೆ ಟೀ ಹೊತ್ತಿನ ಮಾತು ಕೇಳಿಸಿಕೊಳ್ಳಿ. ಯಾರಿಗಾದರೂ ಹೇಳಬೇಕು ಅನ್ನಿಸಿದರೆ, ಸುದ್ದಿ ಕೊಟ್ಟವರ ಹೆಸರನ್ನು ಸಂಪಾದಕರು ಕೇಳಿದರೂ ಯೋಚಿಸಿ ಹೇಳುವಂಥ ಒಬ್ಬರು ಹಿರಿಯ ವರದಿಗಾರರು ಎಲ್ಲ ಕಡೆ ಇರುತ್ತಾರೆ, ಅವರಿಗೆ ಹೇಳಿ. ನಗುನಗುತ್ತಾ ಎಲ್ಲರ ಸುದ್ದಿ ಹೇಳುವವರಿಗೆ ಬೇಡ.

ಟ್ರಾನ್ಸ್ ವಿದ್ಯಾರ್ಥಿಗಳು ಹೆಸರಿನ ಬಗ್ಗೆ ಕೇಳುತ್ತಾರೆ. ಅಂಕಪಟ್ಟಿಯಲ್ಲಿ ಹಳೇ ಹೆಸರು, ಬದುಕುತ್ತಿರುವುದು ಹೊಸ ಹೆಸರಿನಲ್ಲಿ. ಸಂಬಳ, ಪಿಎಫ್‌ಗೆ ದಾಖಲೆಯ ಹೆಸರೇ ಬೇಕು, ಅದನ್ನು ಎಚ್‌ಆರ್‌ ಜೊತೆ ಮಾತಾಡಿ. ಬೈಲೈನ್‌ಗೆ ಮಾತ್ರ ಮೊದಲ ದಿನದಿಂದಲೇ ನಿಮ್ಮ ಹೆಸರು ಹಾಕಿಸಿ, ಯಾಕಂದರೆ ಒಮ್ಮೆ ವೆಬ್‌ಸೈಟಿಗೆ ಹೋದ ಹಳೇ ಹೆಸರನ್ನು ತೆಗೆಸುವುದು ದೊಡ್ಡ ತಲೆನೋವು. ಕನ್ನಡದಲ್ಲಿ ಇದು ಹೊಸದೇನಲ್ಲ. ಪಾ.ವೆಂ. ಆಚಾರ್ಯರು ಲಾಂಗೂಲಾಚಾರ್ಯ ಅಂತ ಬರೆದರು, ಟಿಯೆಸ್ಸಾರ್ ಅನ್ನುವ ಹೆಸರಿನಲ್ಲೇ ಪ್ರಜಾವಾಣಿಯ 'ಛೂಬಾಣ' ಅಂಕಣ ಮನೆಮಾತಾಯಿತು. ಇದನ್ನೇ ಸಂಪಾದಕರಿಗೆ ಹೇಳಿ, ಅರ್ಥವಾಗುತ್ತದೆ.

ಕಾನೂನಿನ ವಿಷಯ ಚುಟುಕಾಗಿ. 377ರ ತೀರ್ಪು ನಮ್ಮನ್ನು ಅಪರಾಧಿಗಳ ಪಟ್ಟಿಯಿಂದ ತೆಗೆಯಿತು. ಆದರೆ ಗೇ ಅಥವಾ ಲೆಸ್ಬಿಯನ್ ಅಂತ ಖಾಸಗಿ ಕಂಪನಿ ಕೆಲಸದಿಂದ ತೆಗೆದರೆ ನೇರವಾಗಿ ಹಿಡಿಯುವ ಪ್ರತ್ಯೇಕ ಕಾಯ್ದೆ ಇಲ್ಲ. ಟ್ರಾನ್ಸ್ ವ್ಯಕ್ತಿಗಳಿಗೆ 2019ರ ಕಾಯ್ದೆ ಇದೆ. ಉದ್ಯೋಗದಲ್ಲಿ ತಾರತಮ್ಯ ಮಾಡಬಾರದು, ದೂರು ನೋಡಿಕೊಳ್ಳಲು ಸಂಸ್ಥೆ ಒಬ್ಬರನ್ನು ನೇಮಿಸಬೇಕು ಅನ್ನುತ್ತದೆ. ಕರ್ನಾಟಕ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್ ಅಭ್ಯರ್ಥಿಗಳಿಗೆ ಶೇ 1ರಷ್ಟು ಮೀಸಲಾತಿ ತಂದಿದೆ, ವಾರ್ತಾ ಇಲಾಖೆಯ ಹುದ್ದೆ ಕರೆದಾಗ ಇದು ನೆನಪಿರಲಿ.

ಜೊತೆಗೆ ಯಾರಿದ್ದಾರೆ? ಅಮೆರಿಕದಲ್ಲಿ ಲೀರಾಯ್ ಆರನ್ಸ್ ಅನ್ನುವ ಸಂಪಾದಕರು 1990ರಲ್ಲಿ, ಸಂಪಾದಕರ ದೊಡ್ಡ ಸಭೆಯಲ್ಲಿ ಗೇ ಪತ್ರಕರ್ತರ ಸಮೀಕ್ಷೆ ಮಂಡಿಸುತ್ತಾ ತಾವೂ ಗೇ ಅಂತ ಹೇಳಿದರು. ಅದೇ ವರ್ಷ ಎನ್‌ಎಲ್‌ಜಿಜೆಎ ಅನ್ನುವ ಗೇ, ಲೆಸ್ಬಿಯನ್ ಪತ್ರಕರ್ತರ ಸಂಘ ಕಟ್ಟಿದರು. ಅದು ಇವತ್ತಿಗೂ ವಿದ್ಯಾರ್ಥಿಗಳಿಗೆ ತರಬೇತಿ ಕೊಡುತ್ತದೆ. ಅಲ್ಲಿಗೆ ಓದಲು ಹೋಗಿರುವ ಕನ್ನಡದ ಹುಡುಗರು ಅದನ್ನು ಖಂಡಿತ ಬಳಸಿಕೊಳ್ಳಿ. ನಮ್ಮಲ್ಲಿ ಅದೇ 1990ರಲ್ಲಿ ಪತ್ರಕರ್ತ ಅಶೋಕ್ ರಾವ್ ಕವಿ 'ಬಾಂಬೆ ದೋಸ್ತ್' ಅನ್ನುವ ಗೇ ಪತ್ರಿಕೆ ಶುರು ಮಾಡಿದರು. ಈಗ ಕ್ವೀರ್ ಜನರ ಸುದ್ದಿಯನ್ನೇ ಮಾಡುವ ಕ್ವೀರ್‌ಬೀಟ್‌ನಂಥ ತಾಣಗಳು ಇವೆ, ಅಲ್ಲಿನ ದೊಡ್ಡ ವರದಿಗಳನ್ನು ಓದಿ, ಒಂದು ಸುದ್ದಿಗೆ ಎಷ್ಟು ಜನರ ಹತ್ತಿರ ಮಾತಾಡಿದ್ದಾರೆ ಅಂತ ಗಮನಿಸಿ. ಬೆಂಗಳೂರಿನಲ್ಲಿ ಸಮುದಾಯ ರೇಡಿಯೋ 'ರೇಡಿಯೋ ಆ್ಯಕ್ಟಿವ್ 90.4'ರಲ್ಲಿ ಟ್ರಾನ್ಸ್ ಮಹಿಳೆ ಪ್ರಿಯಾಂಕಾ ದಿವಾಕರ್ ಆರ್‌ಜೆ ಆಗಿ ಹೆಸರು ಮಾಡಿದರು. ಧ್ವನಿ ಚೆನ್ನಾಗಿದೆ ಅನ್ನುವವರಿಗೆ ಸಮುದಾಯ ರೇಡಿಯೋ ಒಳ್ಳೆಯ ಬಾಗಿಲು. ಕನ್ನಡದ ಕ್ವೀರ್ ಪತ್ರಕರ್ತರು ಸೇರುವ ದೊಡ್ಡ ಸಂಘವನ್ನು ನಾನು ಕಂಡಿಲ್ಲ, ಆದರೆ ಒಂದೇ ಬ್ಯಾಚಿನ ಮೂರು ನಾಲ್ಕು ಜನ ಸೇರಿ ಒಬ್ಬರ ಕಾಪಿ ಒಬ್ಬರು ಓದಿ ತಿದ್ದಲು ಸಂಘದ ಹಂಗು ಬೇಕಿಲ್ಲ.

ಕೊನೆಯದಾಗಿ, ಜಾಗ ಕೆಟ್ಟದ್ದಾದರೆ. ನೀವು ಹೇಳದೆ ಇದ್ದರೂ ಯಾರೋ ನಿಮ್ಮ ವಿಷಯ ಹರಡಿದರು, ಪಾಳಿ ಹಾಕುವಾಗ, ಸುದ್ದಿ ಹಂಚುವಾಗ ನಿಮ್ಮನ್ನು ಬಿಡುತ್ತಿದ್ದಾರೆ ಅಂದರೆ ದಿನಾಂಕ ಹಾಕಿ ಬರೆದಿಡಿ, ಮೆಸೇಜ್‌ಗಳ ಸ್ಕ್ರೀನ್‌ಶಾಟ್ ತೆಗೆದಿಡಿ, ನಿಮ್ಮ ವಿಭಾಗದ ಮೇಷ್ಟ್ರಿಗೆ ಲಿಖಿತವಾಗಿ ತಿಳಿಸಿ, ಬೇರೆ ಕಡೆ ಹಾಕಿಸಿಕೊಳ್ಳಿ. ಇಂಟರ್ನ್‌ಶಿಪ್ ಸರ್ಟಿಫಿಕೇಟ್‌ಗೋಸ್ಕರ ಹಲ್ಲು ಕಚ್ಚಿಕೊಂಡು ಇರಬೇಡಿ. ಅಚ್ಚಾದ ಪ್ರತಿಯೊಂದು ಸುದ್ದಿಯ ಪಿಡಿಎಫ್ ಅದೇ ದಿನ ನಿಮ್ಮ ಸ್ವಂತ ಇಮೇಲಿಗೆ ಕಳಿಸಿಕೊಳ್ಳಿ, ಆಫೀಸಿನ ಲಾಗಿನ್ ಹೋದ ಮೇಲೆ ಅವು ಸಿಗುವುದಿಲ್ಲ, ಮತ್ತು ಮುಂದಿನ ಸಂಪಾದಕರು ನಿಮ್ಮನ್ನು ಕೇಳುವುದು ಅವನ್ನೇ.