ಒಂದು ಲೀಟರಿನ ಕಂಪ್ಯೂಟರ್: ಖರೀದಿಯಿಂದ ಸ್ಕ್ಯಾನಿಂಗ್ ಶುರುವಾಗುವವರೆಗೆ

ಏನು ಕೆಲಸಕ್ಕೆ ಬೇಕು ಅಂತ ಮೊದಲು ಹೇಳಿಬಿಡುತ್ತೇನೆ. ಮಷಿನ್ ಆರಿಸಿದ್ದೇ ಅದನ್ನು ನೋಡಿಕೊಂಡು.

ಅಪ್ಪ ಕೂಡಿಟ್ಟ ಹಳೆಯ ತಿಂಗಳ ಪತ್ರಿಕೆಗಳು ಟ್ರಂಕ್ ತುಂಬ ಇವೆ. ಹಾಳೆ ಹಳದಿಯಾಗಿ, ಮಡಚಿದರೆ ಮುರಿಯುವ ಹಂತಕ್ಕೆ ಬಂದಿವೆ. ಫ.ಗು. ಹಳಕಟ್ಟಿಯವರು ಮುದ್ರಣಾಲಯ ಹಾಕಿ ವಚನಗಳನ್ನು ಅಚ್ಚು ಮಾಡಿಸಿದ ಊರು ನಮ್ಮ ವಿಜಯಪುರ. ಇಂಥ ಊರಲ್ಲಿ ಇದ್ದುಕೊಂಡು ಕನ್ನಡದ ಕಾಗದ ಗೆದ್ದಲಿಗೆ ಹೋಗುವುದನ್ನು ನೋಡಲು ಆಗಲ್ಲ. ಎಲ್ಲವನ್ನೂ ಸ್ಕ್ಯಾನ್ ಮಾಡಿ, ಚಿತ್ರದಲ್ಲಿನ ಅಕ್ಷರ ಗುರುತಿಸುವ ಟೆಸರಾಕ್ಟ್ ಅನ್ನುವ ತಂತ್ರಾಂಶದ ಮೂಲಕ ಅಕ್ಷರ ತೆಗೆದು, ಹುಡುಕಿದರೆ ಸಿಗುವ ಹಾಗೆ ಇಡಬೇಕು. ಜೊತೆಗೆ ಮಗಳ ಓದು, ಮನೆಯ ಲೆಕ್ಕ.

ಎ4 ಹಾಳೆಯನ್ನು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ 2480 ಪಿಕ್ಸೆಲ್ ಅಗಲ, 3508 ಪಿಕ್ಸೆಲ್ ಉದ್ದದ ಚಿತ್ರ ಬರುತ್ತದೆ. ಕಂಪ್ರೆಸ್ ಮಾಡದೆ ತೆರೆದರೆ ಪುಟಕ್ಕೆ ಸುಮಾರು 26 ಎಂಬಿ. ನೂರು ಪುಟದ ಸಂಚಿಕೆಗೆ ಎರಡೂವರೆ ಜಿಬಿ ಮೆಮೊರಿ ಅದಕ್ಕೇ ಹೋಯಿತು. ಮನೆಯ 4 ಜಿಬಿ ಲ್ಯಾಪ್‌ಟಾಪ್‌ನಿಂದ ಇದು ಸಾಧ್ಯವೇ ಇರಲಿಲ್ಲ.

ಖರೀದಿ

ನನಗೆ ಬೇಕಾಗಿದ್ದು ಟೈನಿ ಅಥವಾ ಮೈಕ್ರೋ ಅಂತ ಕರೆಯುವ, ಸುಮಾರು ಒಂದು ಲೀಟರ್ ಗಾತ್ರದ ಪುಟ್ಟ ಡಬ್ಬಿ. ಲೆನೊವೊ, ಡೆಲ್, ಎಚ್‌ಪಿ ಮೂರೂ ಕಂಪನಿಗಳು ಆಫೀಸುಗಳಿಗೆ ಅಂತ ಮಾಡುತ್ತವೆ. ಆಫೀಸಿನವರು ಕೆಲವು ವರ್ಷ ಬಳಸಿ ಒಟ್ಟಿಗೆ ಲಾಟ್‌ನಲ್ಲಿ ಮಾರುತ್ತಾರೆ, ಅದು ಒರೆಸಿ ರಿಪೇರಿ ಆಗಿ, ಅಂದರೆ ರಿಫರ್ಬಿಶ್ ಆಗಿ, ಅಂಗಡಿಗೆ ಬರುತ್ತದೆ. ಈಗ ಇವು ಜಾಸ್ತಿ ಕಾಣಿಸಲು ಇನ್ನೊಂದು ಕಾರಣ ಇದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. ಹಾಗಾಗಿ 6ನೇ, 7ನೇ ತಲೆಮಾರಿನವು ಅಗ್ಗವಾಗಿ ಸಿಗುತ್ತಿವೆ.

ಊರಿನ ಅಂಗಡಿಯ ಹುಡುಗ ಮೊದಲು ಅದನ್ನೇ ತೋರಿಸಿದ. "ಸರ, ಇದೂ ಐ5, ಅದೂ ಐ5 ನೋಡ್ರಿ. ಇದು ನಿಮಗ ಎರಡು ಸಾವಿರ ಕಡಿಮಿ ಬೀಳ್ತೈತಿ." ಅವನು ಹೇಳಿದ್ದು ಸುಳ್ಳಲ್ಲ. ಆದರೆ ಐ5 ಅಂದರೆ ಸಾಕಾಗಲ್ಲ, ಅದರ ಮುಂದಿನ ಸಂಖ್ಯೆ ನೋಡಬೇಕು. 6500ಟಿ ಅಂದರೆ 6ನೇ ತಲೆಮಾರು, ನಾಲ್ಕು ಕೋರ್ (ಒಂದೇ ಹೊತ್ತಿಗೆ ಬೇರೆ ಬೇರೆ ಕೆಲಸ ಮಾಡುವ ಭಾಗ). 8400ಟಿ ಅಂದರೆ 8ನೇ ತಲೆಮಾರು, ಆರು ಕೋರ್. ಅಕ್ಷರ ತೆಗೆಯುವ ಕೆಲಸದಲ್ಲಿ ಒಂದೊಂದು ಕೋರ್‌ಗೆ ಒಂದೊಂದು ಪುಟ ಹಂಚಿ ಓಡಿಸಬಹುದು. ಅಲ್ಲಿ ಎರಡು ಕೋರ್ ಜಾಸ್ತಿ ಇದ್ದರೆ ನೇರವಾಗಿ ಲಾಭ. ಬರೀ ಬ್ರೌಸಿಂಗ್, ಟೈಪಿಂಗ್ ಇದ್ದು ವಿಂಡೋಸ್ ಬದಲು ಲಿನಕ್ಸ್ ಹಾಕುವವರಾದರೆ ಆ ಅಗ್ಗದ್ದೇ ಸಾಕು.

ಕೊನೆಗೆ ತೆಗೆದುಕೊಂಡದ್ದು ಲೆನೊವೊ ಥಿಂಕ್‌ಸೆಂಟರ್ ಎಂ720ಕ್ಯೂ, ಐ5-8400ಟಿ, 8 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. 14,000 ರೂಪಾಯಿ. ಅಂಗಡಿಯವನೇ ಬೆಂಗಳೂರಿನಿಂದ ತರಿಸಿಕೊಟ್ಟ. ದುಡ್ಡು ಕೊಡುವ ಮುಂಚೆ ಅಲ್ಲೇ ಆನ್ ಮಾಡಿಸಿ, ಎಫ್1 ಒತ್ತಿ ಬಯಾಸ್ (ಮಷಿನ್‌ನ ಮೂಲ ಸೆಟ್ಟಿಂಗ್ ಪುಟ) ಒಳಗೆ ಹೋದೆ. ಹಳೆಯ ಆಫೀಸಿನ ಪಾಸ್‌ವರ್ಡ್ ಉಳಿದಿದ್ದರೆ ಅಂಥದ್ದು ಬೇಡವೇ ಬೇಡ. ಅಡಾಪ್ಟರ್ ಮೂಲದ್ದೇನಾ ಅಂತಲೂ ನೋಡಿ. 20 ವೋಲ್ಟ್, ಚಪ್ಪಟೆ ಹಳದಿ ಪಿನ್. ವೈಫೈ ಕಾರ್ಡ್ ಇದೆಯಾ ಅಂತ ಕೇಳಿ, ಎಷ್ಟೋ ಮಷಿನ್‌ಗಳಲ್ಲಿ ಇರುವುದಿಲ್ಲ. ನನ್ನದರಲ್ಲೂ ಇರಲಿಲ್ಲ, ರೂಟರ್ ಪಕ್ಕದಲ್ಲೇ ಇರುವುದರಿಂದ ಕೇಬಲ್ ಸಾಕು.

ಬಿಚ್ಚಿದ್ದು

ಹಿಂದೆ ಒಂದೇ ಸ್ಕ್ರೂ. ಅದನ್ನು ಸಡಿಲ ಮಾಡಿ ಮೇಲಿನ ಮುಚ್ಚಳ ಮುಂದಕ್ಕೆ ಸರಿಸಿದರೆ ಬಂತು. ಹೊರಗೆ ಪಾಲಿಶ್ ಮಾಡಿ ಹೊಸದರಂತೆ ಕೊಟ್ಟಿದ್ದರು. ಒಳಗೆ ಫ್ಯಾನಿನ ಬಾಯಲ್ಲಿ ಧೂಳು ಹಿಂಜಿದ ಅರಳೆಯ ಹಾಗೆ ಕೂತಿತ್ತು. ಚಿಮಟದಿಂದ ಹಿಡಿದು ಎಳೆದರೆ ಒಂದೇ ಪದರವಾಗಿ ಎದ್ದು ಬಂತು. ಅದರ ಹಿಂದೆ ಪ್ರೊಸೆಸರ್‌ನ ಬಿಸಿ ಹೀರುವ ಹೀಟ್‌ಸಿಂಕ್‌ನ ತಗಡುಗಳ ನಡುವೆ ಬೆಳಕೇ ತೂರುತ್ತಿರಲಿಲ್ಲ. ಬ್ಲೋಯರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿಂದ ಒತ್ತಿ ಹಿಡಿಯಿರಿ. ಸುಮ್ನೆ ಬಿಟ್ಟರೆ ಅದು ಬಿರುಸಾಗಿ ತಿರುಗಿ ಬೇರಿಂಗ್ ಕೆಡಬಹುದು.

ಹೀಟ್‌ಸಿಂಕ್ ಎತ್ತಿದೆ. ಪ್ರೊಸೆಸರ್ ಮೇಲಿನ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಬೂದು ಬಣ್ಣದ ಪುಡಿಯಾಗಿತ್ತು. ಮೊಬೈಲ್ ರಿಪೇರಿ ಮಾಡುವವರ ಹತ್ತಿರ ಐಪಿಎ ಅಂತ ಕೇಳಿದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಸಿಗುತ್ತದೆ. ಅದರಲ್ಲಿ ಬಟ್ಟೆ ಅದ್ದಿ ಎರಡೂ ಕಡೆ ಒರೆಸಿದೆ, ಪ್ರೊಸೆಸರ್ ಮೇಲಿನ ಅಕ್ಷರ ಸ್ಪಷ್ಟವಾಗಿ ಓದಲು ಬರುವವರೆಗೆ. ನಡುವೆ ಒಂದು ಕಡಲೆ ಕಾಳಿನಷ್ಟು ಹೊಸ ಪೇಸ್ಟ್. ಹೀಟ್‌ಸಿಂಕ್ ಇಟ್ಟು ಎಲ್ಲ ಸ್ಕ್ರೂಗಳನ್ನೂ ಸ್ವಲ್ಪ ಸ್ವಲ್ಪವೇ, ಒಂದಾದ ಮೇಲೊಂದು ಬಿಗಿ ಮಾಡಿದೆ. ಒಂದನ್ನೇ ಪೂರ್ತಿ ಬಿಗಿದರೆ ಒತ್ತಡ ಒಂದೇ ಕಡೆ ಬೀಳುತ್ತದೆ.

ವಿಜಯಪುರದಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಎಸಿ ಇಲ್ಲದ ಕೋಣೆಯಲ್ಲಿ ಪ್ರೊಸೆಸರ್‌ಗೆ ಸಿಗುವುದೇ ಬಿಸಿ ಗಾಳಿ. ಸ್ವಚ್ಛ ಮಾಡುವ ಮುಂಚೆ ಆರೂ ಕೋರ್ ಓಡಿಸಿದರೆ ಸ್ವಲ್ಪ ಹೊತ್ತಿಗೇ ಅದು ತಾನೇ ವೇಗ ತಗ್ಗಿಸಿಕೊಳ್ಳುತ್ತಿತ್ತು. ಸ್ವಚ್ಛ ಮಾಡಿದ ಮೇಲೆ ಅದೇ ಕೆಲಸಕ್ಕೆ ಸುಮಾರು 12 ಡಿಗ್ರಿ ಇಳಿಯಿತು, ವೇಗ ಕೊನೆಯವರೆಗೂ ನಿಂತಿತು. ಇಡೀ ಅಪ್‌ಗ್ರೇಡ್‌ನಲ್ಲಿ ಅತಿ ಕಡಿಮೆ ಖರ್ಚಿನ ಕೆಲಸ ಇದೇ. ನಮ್ಮ ಕಡೆ ಇದನ್ನು ಬಿಟ್ಟು ಬೇರೆ ಏನು ಹಾಕಿದರೂ ದಂಡ ಅಂತ ನನ್ನ ಗಟ್ಟಿ ಅಭಿಪ್ರಾಯ.

ತೆರೆದಾಗಲೇ ಸಿಆರ್2032 ಬಟನ್ ಸೆಲ್ ಕೂಡ ಬದಲಿಸಿದೆ. ಇದು ಸತ್ತಿದ್ದರೆ ಪ್ಲಗ್ ತೆಗೆದಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗುತ್ತದೆ. ದಿನಾಂಕ ತಪ್ಪಿದ್ದರೆ ಬ್ಯಾಂಕಿನ ಪುಟ ಕೂಡ ತೆರೆಯುವುದಿಲ್ಲ. ಜನ ಇಂಟರ್ನೆಟ್ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಡಿಸ್ಕ್ ಮತ್ತು ರ್‍ಯಾಮ್

ರ್‍ಯಾಮ್ ಮತ್ತು ಎಂ.2 ಜಾಗ (ಎನ್‌ವಿಎಂಇ ಅನ್ನುವ ವೇಗದ ಎಸ್‌ಎಸ್‌ಡಿ ಕೂರುವ ಕಿಂಡಿ) ಮಷಿನ್‌ನ ಕೆಳಬದಿಯಲ್ಲಿ ಇವೆ. ಬೋರಲು ಹಾಕಿ ಕೆಳಗಿನ ತಗಡು ಸರಿಸಬೇಕು.

ಎಂ.2ಗೆ 500 ಜಿಬಿ ಎನ್‌ವಿಎಂಇ ಹಾಕಿದೆ. ಈ ಮಷಿನ್‌ನದು ಪಿಸಿಐಇ (ಡೇಟಾ ಹರಿಯುವ ದಾರಿ) 3, ನಾಲ್ಕು ಲೇನ್. ಲೆಕ್ಕದ ಪ್ರಕಾರ ಸೆಕೆಂಡಿಗೆ 3.9 ಜಿಬಿ ಗಡಿ. ಅಂಗಡಿಯಲ್ಲಿ ಜೆನ್ 4 (ಪಿಸಿಐಇ 4ರದ್ದು) ತಗೊಳ್ಳಿ ಅಂತಾರೆ. ಹಾಕಿದರೆ ಓಡುತ್ತದೆ, ಆದರೆ ಆ ಹೆಚ್ಚಿನ ವೇಗ ಇಲ್ಲಿ ಸಿಗಲ್ಲ. ಹಳೆ ಹಾರ್ಡ್ ಡಿಸ್ಕ್‌ನ ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ತೆಗೆದೆ. ಓಡಿದ ಗಂಟೆ 20,000 ದಾಟಿತ್ತು. ರೀಅಲೊಕೇಟೆಡ್ ಸೆಕ್ಟರ್, ಅಂದರೆ ಕೆಟ್ಟು ಬದಲಿಸಿದ ಜಾಗ, ಸೊನ್ನೆ ಇತ್ತು. ಅದಕ್ಕೆ ಬಿಸಾಡಲಿಲ್ಲ, ಸ್ಕ್ಯಾನ್‌ಗಳ ಎರಡನೇ ಪ್ರತಿಗೆ ಇಟ್ಟಿದ್ದೇನೆ. ಒಂದೇ ಪ್ರತಿಯನ್ನು ಇಷ್ಟು ಓಡಿದ ಡಿಸ್ಕ್ ಮೇಲೆ ನಂಬಿ ಇಡಬೇಡಿ.

ರ್‍ಯಾಮ್ ಜೇಬಿಗೆ ಭಾರ ಆಯಿತು. ಮೆಮೊರಿ ಚಿಪ್‌ಗಳನ್ನು ಎಐ ಸರ್ವರ್‌ಗಳು ಎಳೆದುಕೊಳ್ಳುತ್ತಿವೆ, 2025ರ ಕೊನೆಯಿಂದ ಬೆಲೆ ಏರಿದ್ದೇ ಏರಿದ್ದು. 32 ಜಿಬಿ ಆಸೆ ಬಿಟ್ಟು ಇನ್ನೊಂದು 8 ಜಿಬಿ ಡಿಡಿಆರ್4 ಲ್ಯಾಪ್‌ಟಾಪ್ ರ್‍ಯಾಮ್, 2666ರದ್ದು, ಬಳಸಿದ್ದೇ ತಗೊಂಡೆ. 16 ಆಯಿತು ಅನ್ನುವುದಕ್ಕಿಂತ ಎರಡೂ ಸ್ಲಾಟ್ ತುಂಬಿತು ಅನ್ನುವುದು ಮುಖ್ಯ. ಪ್ರೊಸೆಸರ್ ಎರಡೂ ಕಡ್ಡಿಗಳಿಂದ ಒಟ್ಟಿಗೆ ಓದುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮಷಿನ್‌ನಲ್ಲಿ ಪರದೆಯ ಕೆಲಸಕ್ಕೂ ಇದೇ ರ್‍ಯಾಮ್ ಬೇಕು, ಅಲ್ವಾ? ದೊಡ್ಡ ಪಿಡಿಎಫ್ ತಿರುವಿ ಹಾಕುವಾಗ ವ್ಯತ್ಯಾಸ ಗೊತ್ತಾಗುತ್ತದೆ. ಬಳಸಿದ ರ್‍ಯಾಮ್ ಆದ್ದರಿಂದ ರಾತ್ರಿಯಿಡೀ ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದೆ. ಒಂದು ತಪ್ಪು ಬಂದರೂ ವಾಪಸ್ ಅಂತ ಮಾತಾಗಿತ್ತು. ಬರಲಿಲ್ಲ.

ಮೇಲೆ ಲಿನಕ್ಸ್ ಮಿಂಟ್. ಕನ್ನಡ ಕೀಬೋರ್ಡ್‌ಗೆ ಕಗಪ ವಿನ್ಯಾಸ ಅದರಲ್ಲೇ ಇದೆ, ನುಡಿ ರೂಢಿ ಇದ್ದವರಿಗೆ ಕೈ ತಡೆಯುವುದಿಲ್ಲ.

ಕರೆಂಟ್

ಈ ಪ್ರೊಸೆಸರ್ 35 ವ್ಯಾಟ್‌ನದು, ಅಡಾಪ್ಟರ್ 65 ವ್ಯಾಟ್. ಮಾನಿಟರ್, ರೂಟರ್ ಸೇರಿಸಿದರೂ ಒಂದು ಸೀಲಿಂಗ್ ಫ್ಯಾನ್, ಒಂದು ಟ್ಯೂಬ್‌ಲೈಟಿನ ಲೆಕ್ಕ. ಹಾಗಾಗಿ ಬೇರೆ ಯುಪಿಎಸ್ ಕೊಳ್ಳಲಿಲ್ಲ, ಮನೆಯ ಇನ್ವರ್ಟರ್ ಲೈನಿಗೇ ಹಾಕಿದೆ. ಇನ್ವರ್ಟರ್‌ನಲ್ಲಿ ಇಕೋ, ಯುಪಿಎಸ್ ಅಂತ ಒಂದು ಸ್ವಿಚ್ ಇರುತ್ತದೆ. ಅದು ಯುಪಿಎಸ್ ಕಡೆಗಿದ್ದರೆ ಬ್ಯಾಟರಿಗೆ ಬೇಗ ಬದಲಾಗುತ್ತದೆ, ಕಂಪ್ಯೂಟರ್‌ಗೆ ಗೊತ್ತೇ ಆಗುವುದಿಲ್ಲ. ವೋಲ್ಟೇಜ್ ಸ್ವಲ್ಪ ಇಳಿದರೂ ಬ್ಯಾಟರಿಗೆ ಹೋಗುತ್ತದೆ ಅನ್ನುವುದೊಂದೇ ಕಿರಿಕಿರಿ. ಮೇನ್ ಸ್ವಿಚ್ ಆಫ್ ಮಾಡಿ ನೋಡಿದೆ, ಮಾನಿಟರ್ ಮಿಣುಕಲೂ ಇಲ್ಲ.

ಬಯಾಸ್‌ನಲ್ಲಿ ಪವರ್ ಹೋಗಿ ಬಂದ ಮೇಲೆ ಏನು ಮಾಡಬೇಕು ಅಂತ ಒಂದು ಆಯ್ಕೆ ಇದೆ. ಹಿಂದಿನ ಸ್ಥಿತಿಗೆ ಮರಳಲಿ ಅಂತ ಇಟ್ಟಿದ್ದೇನೆ. ಬ್ಯಾಟರಿ ಪೂರ್ತಿ ಇಳಿದು ನಿಂತರೂ, ಕರೆಂಟ್ ಬಂದ ತಕ್ಷಣ ತಾನೇ ಎದ್ದು ನಿಲ್ಲುತ್ತದೆ.

ಈಗ ಎಲ್ಲಿಗೆ ಬಂತು

ಮೊದಲ ಟ್ರಂಕಿನ ಮೇಲಿನ ಕಟ್ಟು ಸ್ಕ್ಯಾನ್ ಆಗುತ್ತಿದೆ. ಪಿನ್ ಹೊಡೆದ ಸಂಚಿಕೆಗಳನ್ನು ಅಪ್ಪನೇ ಬಿಚ್ಚಿ, ಪುಟ ಜೋಡಿಸಿ ಕೊಡುತ್ತಾರೆ. ಟೆಸರಾಕ್ಟ್ ದಪ್ಪ ಅಚ್ಚಿನ ಪುಟಗಳನ್ನು ಚೆನ್ನಾಗಿ ಓದುತ್ತದೆ. ಮಸಿ ಹರಡಿದ ಕಡೆ ಒತ್ತಕ್ಷರ ಬಿಡುತ್ತದೆ, ದೀರ್ಘ ಗುರುತನ್ನೂ ಬಿಡುತ್ತದೆ. ಅಂಥ ಪುಟಗಳನ್ನು ಗ್ರೇ ಮಾಡಿ, ಕಾಂಟ್ರಾಸ್ಟ್ ಏರಿಸಿ ಮತ್ತೆ ಓಡಿಸುತ್ತಿದ್ದೇನೆ. ಮುಂದಿನ ಖರ್ಚು ಹಳೆ ಹಾರ್ಡ್ ಡಿಸ್ಕ್ ಜಾಗಕ್ಕೆ ಒಂದು ಸಾಟಾ ಎಸ್‌ಎಸ್‌ಡಿ. ರ್‍ಯಾಮ್ ಬೆಲೆ ಇಳಿಯುವವರೆಗೆ 16ರಲ್ಲೇ ನಡೆಸುತ್ತೇನೆ.