ಬೀಗರೂಟದಲ್ಲಿ ಉಳಿದ ಕೋಳಿ ಸಾರನ್ನು ರಾತ್ರಿಗೆ ಇಡಬಹುದಾ?

ನಾನು ಕ್ಯಾಟರಿಂಗ್ ಅಡುಗೆಮನೆಯಲ್ಲಿ ಮೇಲ್ವಿಚಾರಕ. ಮಂಡ್ಯ, ಮೈಸೂರು, ರಾಮನಗರದ ಕಡೆ ಬೀಗರೂಟಗಳೇ ನಮಗೆ ಜಾಸ್ತಿ. ಮಧ್ಯಾಹ್ನದ ಕೊನೇ ಪಂಕ್ತಿ ಎದ್ದ ಮೇಲೆ ಮನೆಯವರು ಬಂದು ಹೇಳುವ ಮಾತು ಒಂದಿದೆ: "ಸಾರು ಮುಚ್ಚಿಡಿ, ರಾತ್ರಿ ನೆಂಟರಿಗೆ ಆಗುತ್ತೆ. ಒಂದು ಕುದಿ ಬರಿಸಿದರೆ ಸಾಕಲ್ವಾ?"

ಸಾಕಾಗುವುದಿಲ್ಲ. ಯಾಕೆ ಅಂತ ಗೊತ್ತಾದರೆ ಈ ಮಾತು ಯಾರೂ ಹೇಳುವುದಿಲ್ಲ.

ಬೆಂದ ಕೋಳಿಗೆ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಬಿಸಿ ಅಪಾಯದ್ದು. ಬ್ಯಾಕ್ಟೀರಿಯಾ ಬೆಳೆಯುವುದು ಅಲ್ಲೇ. ಹೊರಗೆ ಇಡಬಹುದಾದದ್ದು ಹೆಚ್ಚೆಂದರೆ 2 ಗಂಟೆ. ಬೇಸಿಗೆಯಲ್ಲಿ 32 ಡಿಗ್ರಿ ದಾಟಿದರೆ 1 ಗಂಟೆ ಅಷ್ಟೇ. ಏಪ್ರಿಲ್ ತಿಂಗಳಲ್ಲಿ ತಗಡಿನ ಶೀಟಿನ ಕೆಳಗಿರುವ ಅಡುಗೆ ಶೆಡ್ ನೆನಪಿಸಿಕೊಳ್ಳಿ.

ದೊಡ್ಡ ಪಾತ್ರೆ ಇದನ್ನು ಇನ್ನೂ ಕೆಡಿಸುತ್ತದೆ. ಕೊಪ್ಪರಿಗೆ ತುಂಬ ಸಾರಿದ್ದರೆ ಒಲೆ ಆರಿಸಿದ ಎಷ್ಟೋ ಹೊತ್ತಿನ ಮೇಲೂ ನಡುವೆ ಬೆಚ್ಚಗೇ ಇರುತ್ತದೆ. ಬೆಚ್ಚಗಿದೆ ಅಂದರೆ ಚೆನ್ನಾಗಿದೆ ಅಂತ ಜನ ಅಂದುಕೊಳ್ಳುತ್ತಾರೆ. ಆ ಬೆಚ್ಚಗೇ ತೊಂದರೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ ಬೀಜಾಣು ರೂಪದಲ್ಲಿ ಕುದಿಯನ್ನೂ ತಡೆದುಕೊಂಡು ಉಳಿಯುತ್ತದೆ. ಸಾರು ನಿಧಾನಕ್ಕೆ ಆರುವಾಗ ಎದ್ದು ಬೆಳೆಯುತ್ತದೆ. 43ರಿಂದ 47 ಡಿಗ್ರಿ ಅದಕ್ಕೆ ತುಂಬಾ ಇಷ್ಟ. ಬೆಳೆಯಲು ಗಾಳಿ ಬೇಕಿಲ್ಲ, ಹಾಗಾಗಿ ಪಾತ್ರೆಯ ಆಳ ಅದಕ್ಕೆ ಹೇಳಿ ಮಾಡಿಸಿದ ಜಾಗ. ಅಂಥ ಊಟ ಮಾಡಿದವರಿಗೆ ಸಾಮಾನ್ಯವಾಗಿ 6ರಿಂದ 24 ಗಂಟೆಯೊಳಗೆ ಹೊಟ್ಟೆ ನುಲಿತ, ಭೇದಿ. ಅಷ್ಟೊತ್ತಿಗೆ ಶಾಮಿಯಾನವೂ ಬಿಚ್ಚಿರುತ್ತದೆ.

ಮತ್ತೆ ಚೆನ್ನಾಗಿ ಕುದಿಸಿದರೆ ಬೆಳೆದು ನಿಂತ ಈ ಬ್ಯಾಕ್ಟೀರಿಯಾ ಸಾಯುತ್ತದೆ, ನಿಜ. ಆದರೆ ಬಡಿಸುವವರ ಕೈಯಿಂದ, ಸೌಟಿನಿಂದ ಸೇರುವ ಸ್ಟ್ಯಾಫಿಲೊಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಕತೆ ಬೇರೆ. ಅದು ಹೊರಗಿಟ್ಟ ಊಟದಲ್ಲಿ ವಿಷ ಬಿಟ್ಟಿರುತ್ತದೆ. ಬ್ಯಾಕ್ಟೀರಿಯಾ ಕುದಿಯಲ್ಲಿ ಸತ್ತರೂ ಆ ವಿಷ ಹೋಗುವುದಿಲ್ಲ. ವಾಸನೆ ಬರುವುದಿಲ್ಲ, ರುಚಿಯೂ ಬದಲಾಗುವುದಿಲ್ಲ. ಮೂಸಿ ನೋಡಿ "ಸರಿ ಇದೆ" ಅನ್ನುವ ಹಿರಿಯರ ಮೇಲೆ ನನಗೆ ಗೌರವ ಇದೆ. ಆದರೆ ಈ ವಿಷಯದಲ್ಲಿ ಮೂಗನ್ನು ನಂಬಲು ಆಗುವುದಿಲ್ಲ.

ಒಂದು ಮದುವೆ ಮನೆಯಲ್ಲಿ ನಮ್ಮ ಹಿರಿಯ ಬಾಣಸಿಗರು ಸಂಜೆ ಹೊತ್ತಿಗೆ ಉಳಿದ ಸಾರನ್ನು ಕೊಡುವುದಿಲ್ಲ ಅಂದುಬಿಟ್ಟರು. ದೊಡ್ಡ ಜಗಳವೇ ಆಯಿತು. "ಅನ್ನ ಚೆಲ್ಲಬಾರದು" ಅಂತ ಮನೆಯ ಹಿರಿಯರೊಬ್ಬರು ಕಣ್ಣೀರು ಹಾಕಿದರು. ಅವರ ಸಂಕಟ ಸುಳ್ಳಲ್ಲ. ಆದರೂ ನಾನು ಬಾಣಸಿಗರ ಪರವೇ ನಿಂತೆ. ಆ ರಾತ್ರಿ ಊಟಕ್ಕೆ ಕೂರುವವರಲ್ಲಿ ಚಿಕ್ಕ ಮಕ್ಕಳಿದ್ದರು, ಒಬ್ಬ ಗರ್ಭಿಣಿ ಇದ್ದರು.

ಅಲ್ಲಿಂದ ನಾವು ಈ ಮಾತನ್ನು ಮುಂಗಡ ತೆಗೆದುಕೊಳ್ಳುವ ದಿನವೇ ಆಡುತ್ತೇವೆ. ಅರ್ಧ ತುಂಬಿದ ಕೊಪ್ಪರಿಗೆಯ ಮುಂದೆ ನಿಂತು ಯಾರಿಗೂ ನಿಧಾನವಾಗಿ ಯೋಚಿಸಲು ಆಗುವುದಿಲ್ಲ. ರಾತ್ರಿಗೂ ನೆಂಟರಿದ್ದಾರಾ? ಹಾಗಾದರೆ ಕೋಳಿ ಎರಡು ಸಲ ಬೇಯಿಸೋಣ. ಸಂಜೆಯ ಪಾಲು ಅಲ್ಲಿಯವರೆಗೆ ಐಸ್ ಪೆಟ್ಟಿಗೆಯಲ್ಲಿ ಹಸಿಯಾಗಿಯೇ ಇರಲಿ. ಕೂಲಿ ಸ್ವಲ್ಪ ಜಾಸ್ತಿ ಆಗುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇವೆ. ಪಾರ್ಸೆಲ್ ಬೇಕು ಅನ್ನುವವರಿಗೆ ಕೊನೇ ಪಂಕ್ತಿಗೆ ಕಾಯದೆ, ಸಾರು ಹಬೆಯಾಡುವಾಗಲೇ ಬೇರೆ ತೆಗೆದು ಅಗಲ ತಟ್ಟೆಗಳಲ್ಲಿ ಎರಡು ಬೆರಳು ಆಳಕ್ಕೆ ಹರಡುತ್ತೇವೆ. ಕೆಳಗೆ ಐಸ್ ಇಟ್ಟು ಬೇಗ ತಣಿಸಿ, ಚಿಕ್ಕ ಡಬ್ಬಿಗೆ ತುಂಬಿ ಫ್ರಿಜ್‌ಗೆ ಹಾಕುತ್ತೇವೆ. ಬಿಸಿಯಾಗಿ ಇಡಬೇಕಾದದ್ದು ಉರಿಯ ಮೇಲೇ ಇರುತ್ತದೆ. ಅದರ ನಡುವಿಗೆ ಥರ್ಮಾಮೀಟರ್ ಚುಚ್ಚಿ ನೋಡುವ ಕೆಲಸ ಒಬ್ಬರದ್ದೇ. ಬಿರಿಯಾನಿ ಹಂಡೆಗೂ ಇದೇ ಕ್ರಮ.

ಮನೆಗೆ ಒಯ್ದವರು ಕೇಳುತ್ತಾರೆ: ಎಷ್ಟು ದಿನ ಇಡಬಹುದು? ಫ್ರಿಜ್‌ನಲ್ಲಿ 3ರಿಂದ 4 ದಿನ. ತಿನ್ನುವಷ್ಟನ್ನೇ ಹೊರತೆಗೆದು, ಹಬೆ ಬರುವ ಹಾಗೆ ಒಳಗಿನವರೆಗೂ ಬಿಸಿ ಮಾಡಿ. ಕರೆಂಟು ಹೋದರೆ ಬಾಗಿಲು ತೆಗೆಯಬೇಡಿ, ಮುಚ್ಚಿದ ಫ್ರಿಜ್ ಸುಮಾರು 4 ಗಂಟೆ ತಡೆಯುತ್ತದೆ.